ಸಂಧಿವಾತದ ಔಷಧಿ: ಬಾಯಿಯ ದಾರಿ, ಸೂಜಿಯ ದಾರಿ

ಕೀಲುನೋವು ಎಂಬ ಒಂದೇ ಮಾತಿನಲ್ಲಿ ನಮ್ಮ ಜನರು ಹತ್ತಾರು ರೋಗಗಳನ್ನು ಅಡಗಿಸಿಬಿಡುತ್ತಾರೆ. ಇಳಿವಯಸ್ಸಿನಲ್ಲಿ ಮೊಣಕಾಲು ಸವೆದು ಬರುವ ನೋವು ಬೇರೆ. ಯೂರಿಕ್ ಆಮ್ಲ ಹೆಚ್ಚಾಗಿ ಕಾಲಿನ ಹೆಬ್ಬೆರಳು ಕೆಂಪೇರಿ ಊದಿಕೊಳ್ಳುವ ಗೌಟ್ ಬೇರೆ. ಚಿಕುನ್‌ಗುನ್ಯಾ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕಾಡುವ ನೋವು ಇನ್ನೂ ಬೇರೆ. ಇಲ್ಲಿ ಹೇಳಹೊರಟಿರುವುದು ಇವಾವುದರ ಕುರಿತೂ ಅಲ್ಲ. ವೈದ್ಯರು ರುಮಟಾಯಿಡ್ ಆರ್ಥ್ರೈಟಿಸ್ ಎಂದು ಕರೆಯುವ, ಕನ್ನಡದಲ್ಲಿ ಸಂಧಿವಾತವೆಂದು ಹೆಸರಾಗಿರುವ ವ್ಯಾಧಿಯನ್ನು ಕುರಿತು. ಆಯುರ್ವೇದದ ಮಾಧವನಿದಾನದಲ್ಲಿ ಆಮವಾತವೆಂಬ ರೋಗಕ್ಕೆ ಪ್ರತ್ಯೇಕವಾದ ಅಧ್ಯಾಯವೇ ಇದ್ದು, ಅಲ್ಲಿಯ ಲಕ್ಷಣಗಳಲ್ಲಿ ಕೆಲವು ಇದನ್ನೇ ಹೋಲುತ್ತವೆ.

ಶರೀರವನ್ನು ರೋಗಾಣುಗಳಿಂದ ಕಾಪಾಡಬೇಕಾದ ರಕ್ಷಣಾ ವ್ಯವಸ್ಥೆಯು ದಾರಿತಪ್ಪಿ, ಕೀಲುಗಳ ಒಳಪೊರೆಯನ್ನೇ ಶತ್ರುವೆಂದು ಭಾವಿಸಿ ಅದರ ಮೇಲೆ ಏರಿಹೋಗುವುದೇ ಈ ರೋಗದ ಮೂಲ. ಪೊರೆ ಊದಿ ದಪ್ಪವಾಗುತ್ತದೆ. ಕ್ರಮೇಣ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯತೊಡಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಸಾಮಾನ್ಯವಾಗಿ ದುಡಿಯುವ ವಯಸ್ಸಿನಲ್ಲೇ, ಎರಡೂ ಕೈಗಳ ಬೆರಳ ಬುಡ, ನಡುಗೆಣ್ಣು, ಮಣಿಕಟ್ಟುಗಳಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುತ್ತದೆ. ಬೆಳಗ್ಗೆ ಎದ್ದಾಗ ಬೆರಳು ಮಡಿಸಲಾಗದಷ್ಟು ಬಿಗಿತ. ಅದು ಸಡಿಲಾಗಲು ಅರ್ಧ ಗಂಟೆಯಿಂದ ಒಂದೆರಡು ಗಂಟೆ ಬೇಕು. ಬೆಳಗಿನ ಐದಕ್ಕೆ ಎದ್ದು ಡಬ್ಬಿ ಕಟ್ಟಿ ಮಕ್ಕಳನ್ನು ಶಾಲೆಗೆ ಹೊರಡಿಸಬೇಕಾದ ಗೃಹಿಣಿಗೆ, ಹೋಟೆಲಿನಲ್ಲಿ ಹಿಟ್ಟು ಕಲಸುವವನಿಗೆ, ಕಂಪ್ಯೂಟರಿನ ಕೀಲಿ ಒತ್ತುವ ಗುಮಾಸ್ತನಿಗೆ ಈ ಎರಡು ಗಂಟೆಗಳ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ದಾದರ್ ಎಂಬ ಹೆಸರಿಗೆ ಮರಾಠಿಯಲ್ಲಿ ಮೆಟ್ಟಿಲು ಎಂಬ ಅರ್ಥವಿದೆಯೆಂದು ಹೇಳುತ್ತಾರೆ. ಪಶ್ಚಿಮ ಮತ್ತು ಮಧ್ಯ ರೈಲುಗಳೆರಡೂ ಕೂಡುವ ಆ ನಿಲ್ದಾಣದ ಸೇತುವೆಯನ್ನು ಪಾದದ ಕೀಲು ಊದಿದವರು ಜನಜಂಗುಳಿಯಲ್ಲಿ ಏರಿ ಇಳಿಯುವಾಗ ಹೆಸರು ಸಾರ್ಥಕವೆಂದೇ ತೋರುತ್ತದೆ!

ಎಲುಬಿಗೆ ಆಗುವ ಹಾನಿ ಬಹುಪಾಲು ಮೊದಲ ಒಂದೆರಡು ವರ್ಷಗಳಲ್ಲೇ ಆರಂಭವಾಗುತ್ತದೆ. ಒಮ್ಮೆ ಆದದ್ದು ಮರಳಿ ಸರಿಯಾಗುವುದಿಲ್ಲ. ಆದ್ದರಿಂದ ಔಷಧಿಯನ್ನು ಬೇಗ ಆರಂಭಿಸುವುದು ಮುಖ್ಯ. ಸರಿಯಾದ ರೀತಿಯಲ್ಲಿ ತೆಗೆದುಕೊಳ್ಳುವುದು ಅಷ್ಟೇ ಮುಖ್ಯ. ಈ ಎರಡನೆಯ ಮಾತನ್ನು ನಮ್ಮವರು ಸಾಕಷ್ಟು ಗಮನಿಸುವುದಿಲ್ಲ. ಒಂದೇ ಔಷಧಿಯು ಬಾಯಿಯ ಮೂಲಕ ಹೋದರೆ ಒಂದು ಬಗೆ, ಚರ್ಮದಡಿಗೆ ಹೋದರೆ ಇನ್ನೊಂದು ಬಗೆ. ದಿನಕ್ಕೊಮ್ಮೆ ನುಂಗಬೇಕಾದ ಮಾತ್ರೆಯೂ ವಾರಕ್ಕೊಮ್ಮೆ ನುಂಗಬೇಕಾದ ಮಾತ್ರೆಯೂ ಒಂದೇ ಡಬ್ಬಿಯಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ.

ಮೊದಲು ನೋವುನಿವಾರಕಗಳನ್ನು ಬೇಗ ಮುಗಿಸೋಣ. ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರಾಕ್ಸೆನ್ ಮುಂತಾದವು ನೋವನ್ನೂ ಊತವನ್ನೂ ತಗ್ಗಿಸುತ್ತವೆಯೇ ಹೊರತು ರೋಗದ ಓಟವನ್ನು ತಡೆಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಇವನ್ನು ಸೇವಿಸುವುದು ಜಠರದ ಹುಣ್ಣಿಗೆ ದಾರಿ. ವರ್ಷಗಟ್ಟಲೆ ಸೇವಿಸುವುದು ಮೂತ್ರಪಿಂಡಕ್ಕೆ ಭಾರ. ಒಂದೆರಡು ಕೀಲುಗಳಿಗೆ ಮಾತ್ರ ನೋವಿದ್ದರೆ ಡೈಕ್ಲೊಫೆನಾಕ್ ಲೇಪನವನ್ನು ಚರ್ಮದ ಮೇಲೆ ಹಚ್ಚಿಕೊಳ್ಳಬಹುದು. ರಕ್ತಕ್ಕೆ ಸೇರುವ ಅಂಶ ಅತ್ಯಲ್ಪವಾದ್ದರಿಂದ ಅಪಾಯವೂ ಕಡಿಮೆ. ಮಹಾನಾರಾಯಣ ತೈಲವನ್ನು ಬೆಚ್ಚಗೆ ಮಾಡಿ ಹಚ್ಚುವ ನಮ್ಮ ಅಜ್ಜಿಯರ ಪದ್ಧತಿಯಿಂದಲೂ ಹಿತವಾದರೆ ಯಾವ ವೈದ್ಯನೂ ಬೇಡವೆನ್ನಲಾರ. ಆದರೆ ಹಚ್ಚುವ ಯಾವ ಮದ್ದೂ ದಾರಿತಪ್ಪಿದ ರಕ್ಷಣಾ ವ್ಯವಸ್ಥೆಯನ್ನು ಮುಟ್ಟುವುದಿಲ್ಲ.

ರೋಗದ ಬೇರನ್ನೇ ಹಿಡಿಯುವ ಔಷಧಿಗಳಲ್ಲಿ ಇಂದಿಗೂ ಅಗ್ರಸ್ಥಾನ ಮೆಥೊಟ್ರೆಕ್ಸೇಟಿನದು. ಇದರ ಹುಟ್ಟಿನಲ್ಲಿ ನಮ್ಮವನೊಬ್ಬನ ಕೈಯಿದೆ. ಭೀಮಾವರದಲ್ಲಿ 1895ರಲ್ಲಿ ಜನಿಸಿ ಅಮೆರಿಕಕ್ಕೆ ಹೋದ ಯೆಲ್ಲಪ್ರಗಡ ಸುಬ್ಬರಾಯರು ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡವೇ ಫೋಲಿಕ್ ಆಮ್ಲವನ್ನೂ ಅದರ ವಿರೋಧಿಗಳಾದ ಅಮಿನೊಪ್ಟೆರಿನ್ ಮತ್ತು ಮೆಥೊಟ್ರೆಕ್ಸೇಟುಗಳನ್ನೂ ತಯಾರಿಸಿತು. ಅಮಿನೊಪ್ಟೆರಿನನ್ನು ಮಕ್ಕಳ ರಕ್ತದ ಕ್ಯಾನ್ಸರಿಗೆ ಪ್ರಯೋಗಿಸಿ ಫಲ ಕಂಡ ವರದಿ 1948ರಲ್ಲಿ ಹೊರಬಂದಿತು. ಸುಬ್ಬರಾಯರು ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಸಂಧಿವಾತಕ್ಕೆ ಅಮಿನೊಪ್ಟೆರಿನನ್ನು ಕೊಟ್ಟು ನೋಡಿದ್ದು 1951ರಲ್ಲಿ. ಆದರೆ ಮೆಥೊಟ್ರೆಕ್ಸೇಟಿಗೆ ಈ ರೋಗಕ್ಕಾಗಿ ಅಮೆರಿಕದ ಸರಕಾರೀ ಒಪ್ಪಿಗೆ ದೊರೆಯಲು 1988 ಬರಬೇಕಾಯಿತು.

'ಇದು ಕ್ಯಾನ್ಸರಿನ ಮದ್ದಂತೆ, ನನಗೇಕೆ ಕೊಟ್ಟರು?' ಎಂದು ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕುವವರುಂಟು. ದಾದರಿನಿಂದ ಕೂಗಳತೆಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಇರುವುದರಿಂದ ಆ ಹೆಸರಿನ ಭಯವೂ ನಮಗೆ ಹತ್ತಿರವೇ. ಕ್ಯಾನ್ಸರಿಗೆ ಅದೇ ಔಷಧಿಯನ್ನು ಎಷ್ಟೋ ಪಟ್ಟು ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಸಂಧಿವಾತಕ್ಕೆ ವಾರವೊಂದಕ್ಕೆ 7.5 ಮಿಲಿಗ್ರಾಮಿನಿಂದ 15 ಮಿಲಿಗ್ರಾಮಿನಲ್ಲಿ ಆರಂಭಿಸಿ, ಅಗತ್ಯವಿದ್ದರೆ 25ರವರೆಗೆ ಏರಿಸುತ್ತಾರೆ. ಇಷ್ಟು ಕಿರಿದಾದ ಪ್ರಮಾಣದಲ್ಲಿ ಅದು ರಕ್ಷಣಾ ವ್ಯವಸ್ಥೆಯ ಆವೇಶವನ್ನು ತಗ್ಗಿಸುತ್ತದೆ, ಅಷ್ಟೆ.

ಇಲ್ಲಿ ಒಂದು ಮಾತನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಮೆಥೊಟ್ರೆಕ್ಸೇಟನ್ನು ಸೇವಿಸಬೇಕಾದದ್ದು ವಾರಕ್ಕೆ ಒಂದೇ ದಿನ. ಪ್ರತಿದಿನ ನುಂಗಿ ಪ್ರಾಣ ಕಳೆದುಕೊಂಡ ಘಟನೆಗಳು ನಮ್ಮ ದೇಶದಲ್ಲಿಯೂ ಹೊರದೇಶಗಳಲ್ಲಿಯೂ ವೈದ್ಯಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಪರನಾಡಿನಲ್ಲಿ ವಾಸಿಸುವ ನಮಗೆ ಭಾಷೆಯ ತೊಡಕೊಂದು ಹೆಚ್ಚಿನದಾಗಿದೆ. ಚೀಟಿ ಇಂಗ್ಲಿಷಿನಲ್ಲಿ, ವೈದ್ಯರ ಮಾತು ಹಿಂದಿಯಲ್ಲಿ, ಔಷಧಿ ಅಂಗಡಿಯವನದು ಮರಾಠಿಯಲ್ಲಿ ಅಥವಾ ಗುಜರಾತಿಯಲ್ಲಿ. ಕನ್ನಡದಲ್ಲಿ ವಾರವೆಂದರೆ ಏಳು ದಿನಗಳ ಅವಧಿಯೂ ಹೌದು, ಸೋಮವಾರ ಮಂಗಳವಾರಗಳಲ್ಲಿರುವಂತೆ ದಿನದ ಹೆಸರೂ ಹೌದು. ಮರಾಠಿಯಲ್ಲಿ ಅದು ದಿನದ ಹೆಸರು ಮಾತ್ರ. ಏಳು ದಿನಗಳಿಗೆ ಅವರು ಆಠವಡಾ ಎನ್ನುತ್ತಾರೆ. ಊರಿನಿಂದ ಹೊಸದಾಗಿ ಬಂದ ತಾಯಿಯೋ ಅತ್ತೆಯೋ ಅಂಗಡಿಯಲ್ಲಿ ಅರೆಬರೆ ಭಾಷೆಯಲ್ಲಿ 'ವಾರಕ್ಕೆ ನಾಲ್ಕು' ಎಂದರೆ ಕೇಳಿದವನ ಕಿವಿಗೆ ಅದು ಏನಾಗಿ ಮುಟ್ಟೀತು ಎಂಬುದನ್ನು ಊಹಿಸಬಹುದು. ಆದ್ದರಿಂದ ವೈದ್ಯರಿಂದ ದಿನದ ಹೆಸರನ್ನೇ ಬರೆಯಿಸಿಕೊಳ್ಳತಕ್ಕದ್ದು: 'ಭಾನುವಾರ ರಾತ್ರಿ ಮಾತ್ರ' ಎಂಬಂತೆ. ಅದನ್ನೇ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಡಬ್ಬಿಯ ಮೇಲೆ ಅಂಟಿಸುವುದು ಮನೆಯ ಮಕ್ಕಳ ಕೆಲಸ.

ಇನ್ನೆರಡು ತೊಡಕುಗಳಿವೆ. ಈ ಮಾತ್ರೆಯು ಅಂಗಡಿಯಲ್ಲಿ 2.5, 5, 7.5, 10 ಹೀಗೆ ಹಲವು ಪ್ರಮಾಣಗಳಲ್ಲಿ ದೊರೆಯುತ್ತದೆ. ಕಳೆದ ತಿಂಗಳು 2.5ರ ನಾಲ್ಕು ಮಾತ್ರೆ ನುಂಗುತ್ತಿದ್ದವರಿಗೆ ಈ ತಿಂಗಳು ಅಂಗಡಿಯವನು 10ರದ್ದನ್ನು ಕೊಟ್ಟು, ಅವರು ಎಂದಿನಂತೆ ನಾಲ್ಕನ್ನು ನುಂಗಿದರೆ ಒಮ್ಮೆಗೇ ನಾಲ್ಕು ಪಟ್ಟಾಯಿತು. ಎಷ್ಟು ಮಾತ್ರೆ ಎಂದು ನೆನಪಿಡುವುದಲ್ಲ, ಎಷ್ಟು ಮಿಲಿಗ್ರಾಂ ಎಂದು ನೆನಪಿಡಬೇಕು. ಎರಡನೆಯದು ಫೋಲಿಕ್ ಆಮ್ಲ. ಮೆಥೊಟ್ರೆಕ್ಸೇಟಿನಿಂದ ಬರುವ ಬಾಯಿಹುಣ್ಣು, ವಾಕರಿಕೆಗಳನ್ನು ತಡೆಯಲು ಬೇರೆ ದಿನಗಳಲ್ಲಿ ಇದನ್ನು ಕೊಡುತ್ತಾರೆ. ಎರಡೂ ಹಳದಿಯ ಸಣ್ಣ ಗುಳಿಗೆಗಳಾಗಿರುವುದುಂಟು, ಅದಲುಬದಲಾದರೆ ಅನರ್ಥ. ಬಾಯಲ್ಲಿ ಹುಣ್ಣೆದ್ದು ನೀರೂ ಇಳಿಯದಂತಾದರೆ, ಜ್ವರ, ಗಂಟಲುನೋವು, ಚರ್ಮದಡಿ ರಕ್ತದ ಕಲೆ, ಒಣಕೆಮ್ಮು, ಏದುಸಿರು ಕಂಡರೆ ಮುಂದಿನ ಭಾನುವಾರದವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೀರಿದ ಪ್ರಮಾಣಕ್ಕೆ ಫೋಲಿನಿಕ್ ಆಮ್ಲವೆಂಬ ಪ್ರತಿಮದ್ದುಂಟು. ಬೇಗ ಕೊಟ್ಟಷ್ಟೂ ಫಲ. ಮೂತ್ರದ ಉರಿಗೋ ಭೇದಿಗೋ ಗಲ್ಲಿಯ ವೈದ್ಯರು ಸೆಪ್ಟ್ರಾನ್ ಜಾತಿಯ ಮಾತ್ರೆ ಬರೆದುಕೊಟ್ಟಲ್ಲಿ ತಾವು ಮೆಥೊಟ್ರೆಕ್ಸೇಟ್ ಸೇವಿಸುತ್ತಿರುವುದನ್ನು ತಪ್ಪದೆ ತಿಳಿಸಿರಿ. ಇವೆರಡೂ ಕೂಡಿದರೆ ಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿಯೇ ಕುಸಿಯಬಹುದು.

ಮೆಥೊಟ್ರೆಕ್ಸೇಟನ್ನೇ ಸೂಜಿಯಿಂದಲೂ ಕೊಡುತ್ತಾರೆ. ಅದೇಕೆ? ವಾರಕ್ಕೆ 15 ಮಿಲಿಗ್ರಾಂ ದಾಟಿದ ಮೇಲೆ ಕರುಳು ಹೆಚ್ಚಿನ ಭಾಗವನ್ನು ಹೀರಿಕೊಳ್ಳಲಾರದು. ನುಂಗಿದಷ್ಟೂ ರಕ್ತಕ್ಕೆ ಸೇರುವುದಿಲ್ಲ. ಚರ್ಮದಡಿಗೆ ಚುಚ್ಚಿದರೆ ಈ ಮಿತಿ ಇಲ್ಲ. ಮಾತ್ರೆ ನುಂಗಿದೊಡನೆ ವಾಂತಿ ಬರುವವರಲ್ಲಿ ಹಲವರಿಗೆ ಸೂಜಿಯಿಂದ ನೆಮ್ಮದಿಯಾಗುತ್ತದೆ. ಹೊಟ್ಟೆಯ ಮೇಲೆ ಹೊಕ್ಕುಳಿನಿಂದ ಎರಡು ಬೆರಳಗಲ ಬಿಟ್ಟು, ಇಲ್ಲವೇ ತೊಡೆಯ ಮುಂಭಾಗದಲ್ಲಿ ಚರ್ಮವನ್ನು ಚಿವುಟಿ ಹಿಡಿದು ತಾವೇ ಚುಚ್ಚಿಕೊಳ್ಳಬಹುದು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಳ್ಳುವುದಿಲ್ಲವೇ? ಪ್ರತಿವಾರ ಜಾಗ ಬದಲಿಸಬೇಕು. ಮೊದಲೇ ತುಂಬಿದ ಸಿರಿಂಜು ದುಬಾರಿಯೆಂದು ಸೀಸೆಯಿಂದ ಇನ್ಸುಲಿನ್ ಸಿರಿಂಜಿಗೆ ಎಳೆದುಕೊಳ್ಳುವವರು ಬಹಳ. ಆ ಸಿರಿಂಜಿನ ಗೆರೆಗಳು ಇನ್ಸುಲಿನ್ನಿನ ಅಳತೆಗಾಗಿ ಇರುವವು, ಮಿಲಿಗ್ರಾಮಿನವಲ್ಲ. ಯಾವ ಗೆರೆಯವರೆಗೆ ಎಂಬುದನ್ನು ವೈದ್ಯರ ಮುಂದೆಯೇ ಗುರುತು ಹಾಕಿಸಿಕೊಳ್ಳಿರಿ. ಸೀಸೆಯ ಸಾಂದ್ರತೆ ಬದಲಾದರೆ ಗೆರೆಯೂ ಬದಲಾಗುತ್ತದೆ.

ಮಾತ್ರೆಯಾಗಲಿ ಸೂಜಿಯಾಗಲಿ, ಫಲ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಮೂರನೆಯ ವಾರಕ್ಕೇ 'ಏನೂ ಉಪಯೋಗವಿಲ್ಲ' ಎಂದು ಬಿಟ್ಟುಬಿಡುವುದು ಸಾಮಾನ್ಯವಾಗಿ ನಡೆಯುತ್ತಿರುವ ತಪ್ಪು. ಆರಂಭದಲ್ಲಿ ಎರಡು ನಾಲ್ಕು ವಾರಗಳಿಗೊಮ್ಮೆ, ಅನಂತರ ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣಗಳ ಎಣಿಕೆ, ಯಕೃತ್ತು ಮತ್ತು ಮೂತ್ರಪಿಂಡಗಳ ಪರೀಕ್ಷೆ ಆಗಬೇಕು. ಮದ್ಯಪಾನ ಕೂಡದು. ಮಗುವನ್ನು ಬಯಸುವ ದಂಪತಿಗಳು ತಿಂಗಳುಗಳ ಮುಂಚೆಯೇ ವೈದ್ಯರಿಗೆ ಹೇಳಬೇಕು. ಗರ್ಭದಲ್ಲಿರುವ ಶಿಶುವಿಗೆ ಇದು ವಿಷ.

ಉಳಿದ ಮಾತ್ರೆಗಳಲ್ಲಿ ಸಲ್ಫಸಲಜೀನಿನ ಮೇಲೆ ಹೊದಿಕೆಯಿರುತ್ತದೆ, ಜಠರ ದಾಟಿದ ಮೇಲೆ ಕರಗಲೆಂದು. ಅದನ್ನು ಪುಡಿ ಮಾಡಿ ಜೇನಿನಲ್ಲಿ ಕಲಸಿ ತಿನ್ನಬಾರದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಕಾಗಿಲ್ಲ. ಹೈಡ್ರಾಕ್ಸಿಕ್ಲೋರೊಕ್ವಿನ್ ಎಲ್ಲಕ್ಕಿಂತ ಸೌಮ್ಯ. ಇದನ್ನು ಊಟದ ಜೊತೆ ದಿನವೂ ತೆಗೆದುಕೊಳ್ಳಬೇಕು. ಕಣ್ಣಿನ ಪರದೆಯ ಪರೀಕ್ಷೆಯನ್ನು ಆರಂಭದಲ್ಲೊಮ್ಮೆ, ಐದು ವರ್ಷಗಳಾದ ಮೇಲೆ ಪ್ರತಿವರ್ಷವೂ ಮಾಡಿಸಬೇಕು. 2020ರ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಕೋವಿಡ್ಡಿಗೆ ಇದೇ ರಾಮಬಾಣವೆಂಬ ಸುದ್ದಿ ಹಬ್ಬಿ ಜನರು ಅಂಗಡಿಗಳನ್ನು ಬರಿದುಮಾಡಿದಾಗ, ವರ್ಷಗಳಿಂದ ಇದನ್ನೇ ನಂಬಿದ್ದ ಸಂಧಿವಾತದ ರೋಗಿಗಳು ಲಾಕ್‌ಡೌನಿನ ನಡುವೆ ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಯಿತು. ಕೋವಿಡ್ಡಿಗೆ ಅದರಿಂದ ಪ್ರಯೋಜನವಿಲ್ಲವೆಂಬುದು ಅನಂತರ ದೊಡ್ಡ ಪ್ರಯೋಗಗಳಿಂದ ಸ್ಥಿರಪಟ್ಟಿತು. ಲೆಫ್ಲುನೊಮೈಡ್ ದೇಹದಲ್ಲಿ ಬಹುಕಾಲ ಉಳಿಯುವ ಮದ್ದಾದ್ದರಿಂದ ತಾಯಿಯಾಗಬಯಸುವವರಿಗೆ ತಕ್ಕುದಲ್ಲ.

ಇನ್ನು ಸ್ಟೀರಾಯ್ಡ್. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಯೊಬ್ಬಳಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಷ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಪವಾಡದ ಬೆಲೆ ತಿಳಿದದ್ದು ತರುವಾಯ: ಮುಖ ಊದುವುದು, ಸಕ್ಕರೆ ಏರುವುದು, ಎಲುಬು ಟೊಳ್ಳಾಗುವುದು. ಇಂದು ಇದನ್ನು ಮೆಥೊಟ್ರೆಕ್ಸೇಟ್ ಕೆಲಸಕ್ಕೆ ತೊಡಗುವವರೆಗಿನ ಸೇತುವೆಯಾಗಿ, ಕಡಿಮೆ ಪ್ರಮಾಣದಲ್ಲಿ, ಕೆಲವೇ ತಿಂಗಳು ಬಳಸುತ್ತಾರೆ. ಬೆಳಗಿನ ಉಪಾಹಾರದೊಡನೆ ತೆಗೆದುಕೊಳ್ಳುವುದು ವಾಡಿಕೆ. ದೇಹವು ತನ್ನದೇ ಕಾರ್ಟಿಸಾಲನ್ನು ಹೆಚ್ಚಾಗಿ ಸ್ರವಿಸುವುದೂ ಬೆಳಗ್ಗೆಯೇ. ರಾತ್ರಿ ನುಂಗಿದರೆ ನಿದ್ರೆ ಕೆಡುತ್ತದೆ. ವಾರಗಟ್ಟಲೆ ಸೇವಿಸಿದ ಮೇಲೆ ಥಟ್ಟನೆ ನಿಲ್ಲಿಸಬಾರದು. ಅಡ್ರಿನಲ್ ಗ್ರಂಥಿಗಳು ಅಷ್ಟರಲ್ಲಿ ನಿದ್ರಿಸಿರುತ್ತವೆ. ಅವು ಎಚ್ಚರಗೊಳ್ಳುವವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

ಒಂದೇ ಒಂದು ಮೊಣಕಾಲು ಹಟ ಹಿಡಿದಾಗ ಇದೇ ಸ್ಟೀರಾಯ್ಡನ್ನು ಕೀಲಿನ ಒಳಕ್ಕೇ ಚುಚ್ಚುವುದುಂಟು. ಮದ್ದು ಬೇಕಾದಲ್ಲಿಗೇ ಸೇರುತ್ತದೆ, ಉಳಿದ ದೇಹಕ್ಕೆ ತಾಗುವುದು ಕಡಿಮೆ. ಚುಚ್ಚಿದ ಮೇಲೆ ಒಂದೆರಡು ದಿನ ಆ ಕಾಲಿಗೆ ವಿಶ್ರಾಂತಿ ಬೇಕು. ಒಂದೇ ಕೀಲಿಗೆ ವರ್ಷಕ್ಕೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಸಲ್ಲದು. ಹಿಂದೆ ಚಿನ್ನದ ಲವಣಗಳನ್ನು ಸ್ನಾಯುವಿಗೆ ಚುಚ್ಚುವ ಚಿಕಿತ್ಸೆಯೂ ಇತ್ತು; 1929ರಲ್ಲಿ ಫ್ರಾನ್ಸಿನ ಜಾಕ್ ಫಾರೆಸ್ಟಿಯೆ ಅದರ ಫಲವನ್ನು ಪ್ರಕಟಿಸಿದ್ದ. ಬಂಗಾರದ ಮೇಲೆ ನಮ್ಮವರಿಗೆ ಎಷ್ಟೇ ವಿಶ್ವಾಸವಿದ್ದರೂ ಈಗ ಆ ಪದ್ಧತಿ ಬಹುಮಟ್ಟಿಗೆ ಮರೆಯಾಗಿದೆ.

ಸ್ಟೀರಾಯ್ಡಿನ ಮಾತು ಬಂದಾಗಲೇ ಪೊಟ್ಟಣದ ಮದ್ದನ್ನೂ ಹೇಳಿಬಿಡಬೇಕು. ಹೆಸರಿಲ್ಲದ ಪುಡಿ, ಲೇಬಲ್ಲಿಲ್ಲದ ಗುಳಿಗೆ, 'ಮೂರೇ ದಿನದಲ್ಲಿ ನೋವು ಮಾಯ' ಎಂಬ ಭರವಸೆ: ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಸಿದ್ಧವಾಗಿದೆ. ನಿಜವಾದ ಆಯುರ್ವೇದಕ್ಕೂ ಇದಕ್ಕೂ ಸಂಬಂಧವಿಲ್ಲ. ಗಿಡಮೂಲಿಕೆಯೆಂದರೆ ನಿರಪಾಯವೆಂದು ತಿಳಿಯುವುದೂ ಸರಿಯಲ್ಲ. ಕೋವಿಡ್ಡಿನ ಕಾಲದಲ್ಲಿ ಅಮೃತಬಳ್ಳಿಯ ಕಷಾಯವನ್ನು ನಿತ್ಯ ಕುಡಿದು ಯಕೃತ್ತಿನ ಉರಿಯೂತಕ್ಕೆ ಒಳಗಾದ ಕೆಲವು ರೋಗಿಗಳ ವೃತ್ತಾಂತವನ್ನು ಮುಂಬಯಿಯ ವೈದ್ಯರೇ 2021ರಲ್ಲಿ ಪ್ರಕಟಿಸಿದರು. ಮೆಥೊಟ್ರೆಕ್ಸೇಟಿನ ಜೊತೆಗೆ ಅದನ್ನೂ ಕುಡಿಯುವವರು ಯಕೃತ್ತಿನ ಮೇಲೆ ಎರಡು ಹೊರೆ ಹೊರಿಸಿದಂತೆ.

ಮಾತ್ರೆಗಳಿಗೆ ರೋಗ ಬಗ್ಗದಿದ್ದಾಗ ಜೈವಿಕ ಔಷಧಿಗಳ ಸರದಿ. ಕೀಲಿನ ಊತಕ್ಕೆ ಟಿ.ಎನ್.ಎಫ್. ಎಂಬ ಸಂದೇಶವಾಹಕವೇ ಪ್ರಮುಖ ಕಾರಣವೆಂದು ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ತೋರಿಸಿ, 1992ರಲ್ಲಿ ಅದನ್ನು ತಡೆಯುವ ಪ್ರತಿಕಾಯವನ್ನು ರೋಗಿಗಳ ಮೇಲೆ ಮೊದಲು ಪ್ರಯೋಗಿಸಿದರು. ಇವು ದೊಡ್ಡ ಪ್ರೋಟೀನುಗಳು. ನುಂಗಿದರೆ ಜಠರವು ಬೇಳೆಯನ್ನು ಜೀರ್ಣಿಸುವಂತೆಯೇ ಇವನ್ನೂ ಜೀರ್ಣಿಸಿಬಿಡುತ್ತದೆ. ಆದಕಾರಣ ಸೂಜಿಯೇ ಗತಿ. ಎಟಾನರ್ಸೆಪ್ಟ್ ವಾರಕ್ಕೊಮ್ಮೆ, ಅಡಾಲಿಮುಮಾಬ್ ಹದಿನೈದು ದಿನಗಳಿಗೊಮ್ಮೆ ಚರ್ಮದಡಿಗೆ, ಮನೆಯಲ್ಲೇ ಚುಚ್ಚಿಕೊಳ್ಳಬಹುದು. ಬೆರಳು ಸೊಟ್ಟಗಾದವರಿಗೆ ಒತ್ತಿದೊಡನೆ ತಾನೇ ಚುಚ್ಚುವ ಪೆನ್ನುಗಳಿವೆ. ಇನ್‌ಫ್ಲಿಕ್ಸಿಮಾಬನ್ನಾದರೋ ಆಸ್ಪತ್ರೆಯಲ್ಲಿ ಎರಡು ಗಂಟೆ ಮಲಗಿ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಸಿಕೊಳ್ಳಬೇಕು: ಮೊದಲ ದಿನ, ಎರಡನೆಯ ವಾರ, ಆರನೆಯ ವಾರ, ಆಮೇಲೆ ಎಂಟು ವಾರಗಳಿಗೊಮ್ಮೆ. ರಿಟುಕ್ಸಿಮಾಬ್ ಹದಿನೈದು ದಿನಗಳ ಅಂತರದಲ್ಲಿ ಎರಡು ಸಲ; ಅದರ ಫಲ ಸುಮಾರು ಆರು ತಿಂಗಳು ನಿಲ್ಲುತ್ತದೆ. ಮನೆಯ ಸೂಜಿಯೋ ಆಸ್ಪತ್ರೆಯ ಹನಿಯೋ ಎಂಬುದನ್ನು ರೋಗದ ಜೊತೆಗೆ ಕೆಲಸದ ರಜೆ, ದೂರ, ಮನೆಯಲ್ಲಿ ಕೈಯಾಸರೆ ಇವನ್ನೂ ನೋಡಿ ನಿರ್ಧರಿಸುವುದು ಯುಕ್ತ.

ಮುಂಬಯಿಯಲ್ಲಿ ಇದಕ್ಕೆಲ್ಲ ಮೊದಲು ಕ್ಷಯದ ಪ್ರಶ್ನೆ ಏಳುತ್ತದೆ. ಇಕ್ಕಟ್ಟಾದ ಮನೆಗಳು, ತುಂಬಿದ ಲೋಕಲ್ ಗಾಡಿಗಳ ಈ ನಗರದಲ್ಲಿ ನಮ್ಮಲ್ಲಿ ಹಲವರ ಶ್ವಾಸಕೋಶದಲ್ಲಿ ಕ್ಷಯದ ಅಣುಗಳು ಸದ್ದಿಲ್ಲದೆ ಮಲಗಿವೆ. ಅವನ್ನು ಸುತ್ತುಗಟ್ಟಿ ಬಂಧಿಸಿಟ್ಟಿರುವುದರಲ್ಲಿ ಟಿ.ಎನ್.ಎಫ್.ನ ಪಾತ್ರ ದೊಡ್ಡದು. ಅದನ್ನು ತಡೆದರೆ ಕಾವಲು ಸಡಿಲಿ ಹಳೆಯ ಕ್ಷಯ ಎದ್ದುಬರಬಹುದು. ಆದ್ದರಿಂದ ಎದೆಯ ಎಕ್ಸ್‌ರೇ, ಮಾಂಟೂ ಪರೀಕ್ಷೆ ಅಥವಾ ರಕ್ತದಲ್ಲಿ ಇಗ್ರಾ ಪರೀಕ್ಷೆ ಆಗದೆ ಈ ಸೂಜಿಗಳನ್ನು ಆರಂಭಿಸಕೂಡದು. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯವಾಗಿದ್ದರೆ ಸಂಕೋಚದಿಂದ ಮರೆಮಾಡುವುದು ಬೇಡ. ಆರಂಭಿಸಿದ ಮೇಲೂ ಎರಡು ವಾರ ಬಿಡದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿತ ಕಂಡರೆ ಉಪೇಕ್ಷಿಸಬಾರದು. ಮಳೆಗಾಲದಲ್ಲಿ ಜ್ವರ ಬಂದ ವಾರ ಸೂಜಿಯನ್ನು ಮುಂದೂಡಿ ವೈದ್ಯರನ್ನು ಕೇಳುವುದು ಲೇಸು.

ಈ ಸೂಜಿಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡಬೇಕು. ಫ್ರಿಜ್ಜಿನ ಬಾಗಿಲಲ್ಲಿ ಅಲ್ಲ, ಬರ್ಫದ ಗೂಡಿನಲ್ಲಂತೂ ಅಲ್ಲವೇ ಅಲ್ಲ. ಹೆಪ್ಪುಗಟ್ಟಿದ ಔಷಧಿ ಕರಗಿದ ಮೇಲೂ ಕೆಟ್ಟದ್ದೇ. ನಡುವಿನ ಅಟ್ಟಣೆಯಲ್ಲಿ, ಪೆಟ್ಟಿಗೆಯಿಂದ ತೆಗೆಯದೆ ಇಡುವುದು ಸರಿ. ಚುಚ್ಚುವ ಅರ್ಧ ಗಂಟೆ ಮೊದಲು ಹೊರತೆಗೆದರೆ ಉರಿ ಕಡಿಮೆ. ಬೇಸಗೆ ರಜೆಯಲ್ಲಿ ಕೊಂಕಣ ರೈಲಿನಲ್ಲಿ ಉಡುಪಿ ಕುಂದಾಪುರಗಳಿಗೆ ಹೊರಡುವವರು ಅಗಲಬಾಯಿಯ ಥರ್ಮಾಸಿನಲ್ಲಿ ತಣ್ಣನೆಯ ಜೆಲ್ ಚೀಲವಿರಿಸಿ, ಸೂಜಿಯ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ಎರಡೂ ನೇರವಾಗಿ ತಾಗದಂತೆ ಇಟ್ಟುಕೊಳ್ಳಬೇಕು. 25 ಡಿಗ್ರಿಯಲ್ಲಿ ಕೆಲವು ದಿನ ಇಡಬಹುದೆಂದು ಕೆಲವು ಪೆಟ್ಟಿಗೆಗಳ ಮೇಲೆ ಬರೆದಿರುತ್ತದೆ ನಿಜ. ಮೇ ತಿಂಗಳ ದ್ವಿತೀಯ ದರ್ಜೆಯ ಡಬ್ಬಿಯಲ್ಲಿ 25 ಡಿಗ್ರಿ ಎಲ್ಲಿಂದ ಬರಬೇಕು? ಬಳಸಿದ ಸೂಜಿಯನ್ನು ಕಸ ಒಯ್ಯುವವರ ಕೈಗೆ ಚುಚ್ಚದಂತೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಆಸ್ಪತ್ರೆಗೆ ಮರಳಿಸತಕ್ಕದ್ದು.

ಇತ್ತೀಚಿನ ಟೊಫಾಸಿಟಿನಿಬ್ ಮುಂತಾದವು ಪ್ರೋಟೀನುಗಳಲ್ಲ, ಸಣ್ಣ ಅಣುಗಳು. ಹಾಗಾಗಿ ಸೂಜಿಯಿಲ್ಲದೆ ನುಂಗಬಹುದು. ಅಮೆರಿಕದಲ್ಲಿ ಟೊಫಾಸಿಟಿನಿಬಿಗೆ 2012ರಲ್ಲಿ ಒಪ್ಪಿಗೆಯಾಯಿತು. ಬಾಯಿಯ ಮದ್ದೆಂದು ಹಗುರವಾಗಿ ತಿಳಿಯಬಾರದು. ಕ್ಷಯದ ಪರೀಕ್ಷೆ ಇದಕ್ಕೂ ಬೇಕು. ಸರ್ಪಸುತ್ತು ಬರುವ ಸಂಭವ ಹೆಚ್ಚು. ವಯಸ್ಸಾದ, ಧೂಮಪಾನ ಮಾಡುವ, ಹೃದ್ರೋಗವಿರುವವರಿಗೆ ಅಪಾಯವುಂಟೆಂದು 2021ರಲ್ಲಿ ಅಮೆರಿಕದ ಔಷಧಿ ನಿಯಂತ್ರಕರು ಎಚ್ಚರಿಸಿದ್ದಾರೆ.

ಖರ್ಚಿನ ಮಾತು ಬಿಡುವಂತಿಲ್ಲ. ಮೆಥೊಟ್ರೆಕ್ಸೇಟ್ ಬಡವರ ಕೈಗೂ ಎಟಕುವ ಮದ್ದು. ಜೈವಿಕ ಔಷಧಿಗಳೋ ಸಂಸಾರದ ಲೆಕ್ಕಾಚಾರವನ್ನೇ ತಲೆಕೆಳಗು ಮಾಡುವಂಥವು. ಅಹಮದಾಬಾದಿನ ಜೈಡಸ್ ಕಂಪನಿಯು 2014ರ ಡಿಸೆಂಬರಿನಲ್ಲಿ ಅಡಾಲಿಮುಮಾಬಿನ ಪ್ರತಿರೂಪವನ್ನು ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ತಂದ ಮೇಲೆ ಬೆಲೆ ಇಳಿದಿದೆ, ಆದರೂ ಸುಲಭವಾಗಿಲ್ಲ. 1926ರಿಂದ ನಡೆದುಬಂದ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಂಥ ಮಹಾನಗರಪಾಲಿಕೆಯ ಸಂಸ್ಥೆಗಳಲ್ಲಿ ಸಾಲು ಉದ್ದವಾದರೂ ಪರಿಣತರ ಸಲಹೆ ಅಲ್ಪ ಖರ್ಚಿನಲ್ಲಿ ದೊರೆಯುತ್ತದೆ. ಹಣ ಸಾಲದೆಂದು ಎರಡು ವಾರದ ಸೂಜಿಯನ್ನು ತಾವೇ ನಾಲ್ಕು ವಾರಕ್ಕೆ ಎಳೆಯುವ ಬದಲು ವೈದ್ಯರಿಗೆ ನೇರವಾಗಿ ಹೇಳಿದರೆ ಅಗ್ಗದ ಮಾತ್ರೆಗಳ ಜೋಡಣೆಯಿಂದಲೇ ರೋಗ ಹತೋಟಿಗೆ ಬರುವ ದಾರಿಯುಂಟು. ಮೆಥೊಟ್ರೆಕ್ಸೇಟ್, ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಮೂರನ್ನೂ ಒಟ್ಟಿಗೆ ಕೊಡುವ ಪದ್ಧತಿ ಅನೇಕರಲ್ಲಿ ಸಫಲವಾಗಿದೆ.

ರೋಗವು ಆರು ತಿಂಗಳಿಗೂ ಮೀರಿ ಶಾಂತವಾಗಿದ್ದರೆ ಔಷಧಿಗಳನ್ನು ಇಳಿಸುವ ವಿಚಾರ ಬರುತ್ತದೆ. ಆಗ ಮೊದಲು ಹೋಗಬೇಕಾದದ್ದು ಸ್ಟೀರಾಯ್ಡ್; ಆಮೇಲೆ ಜೈವಿಕ ಸೂಜಿಯ ಅಂತರವನ್ನು ಹಿಗ್ಗಿಸುತ್ತಾರೆ; ಭಾನುವಾರದ ಮೆಥೊಟ್ರೆಕ್ಸೇಟನ್ನು ಎಲ್ಲಕ್ಕಿಂತ ಕೊನೆಯಲ್ಲಿ ಮುಟ್ಟುತ್ತಾರೆ.